ಪರ-ವಿರೋಧ: ಸೇನೆಯ ಹೊಸ ರಿಕ್ರೂಟ್‌ಗಳನ್ನು ವೇಗಕ್ಕೆ ತಕ್ಕಂತೆ ಗುಂಪು ಮಾಡಿ ಓಡಿಸಬೇಕೆ?

ಪರ

ಹಲಸೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್ ಆಗಲಿ, ಬೆಂಗಳೂರಿನ ಬೇರಾವುದೇ ಸೇನಾ ತರಬೇತಿ ಕೇಂದ್ರವಾಗಲಿ, ಬಂದಿಳಿಯುವ ಹುಡುಗರ ಕಸುವು ಒಂದೇ ಸಮ ಇರುವುದಿಲ್ಲ. ಸೇನಾ ಭರ್ತಿ ರ‍್ಯಾಲಿಯಲ್ಲಿ 1.6 ಕಿ.ಮೀ.ಯನ್ನು 5 ನಿಮಿಷ 30 ಸೆಕೆಂಡಿನಲ್ಲಿ ಓಡಿ ಪೂರ್ತಿ 60 ಅಂಕ ಗಿಟ್ಟಿಸಿದವನೂ ಮುಂದೆ ಅಭ್ಯಾಸ ಬಿಟ್ಟಿದ್ದರೆ 6 ನಿಮಿಷ 10 ಸೆಕೆಂಡಿಗೆ ಜಾರಿರುತ್ತಾನೆ. ಆದ್ದರಿಂದ ಮೊದಲ ವಾರವೇ ಮತ್ತೆ ಸಮಯ ಅಳೆದು ಮೂರು ಗುಂಪು ಮಾಡಬೇಕು. 400 ಮೀಟರ್ ಸುತ್ತಿಗೆ ಈಗಲೂ 5:30ರಲ್ಲಿ ಓಡುವವನಿಗೆ 82 ಸೆಕೆಂಡ್ ಸರಿ, 6:10ಕ್ಕೆ ಜಾರಿದವನಿಗೆ 92. ಇಬ್ಬರಿಗೂ 82 ಕೊಟ್ಟರೆ ನಿಧಾನದವನು ಮೂರನೇ ಸುತ್ತಿಗೆ ಹೆಜ್ಜೆ ಹಿಗ್ಗಿಸಿ ಹಿಮ್ಮಡಿ ಕುಟ್ಟತೊಡಗುತ್ತಾನೆ.

ಅಪಾಯ ಇರುವುದು ಇಲ್ಲೇ. ಉಸಿರು ಕೆಲವು ವಾರಗಳಲ್ಲಿ ಪಳಗುತ್ತದೆ, ಮೂಳೆಗೆ ತಿಂಗಳುಗಳು ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯದನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವಿನ ವಾರಗಳಲ್ಲಿ ಬಿರುಕು ಸುಲಭ. ಮೊಣಕಾಲ ಕೆಳಗಿನ ಮೂಳೆಯ ಒಳಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋಗಿ. ಗೇಣುದ್ದಕ್ಕೂ ನೋವಿದ್ದರೆ ಬಹುಮಟ್ಟಿಗೆ ಶಿನ್ ಸ್ಪ್ಲಿಂಟ್, ಅಂದರೆ ಬಿರುಕಿಲ್ಲದ ಬರೀ ಮೂಳೆಯಂಚಿನ ನೋವು. ನಾಣ್ಯದಗಲದ ಜಾಗದಲ್ಲಷ್ಟೇ ಚುರ್ರೆಂದರೆ, ಒಂಟಿಕಾಲಲ್ಲಿ ಕುಪ್ಪಳಿಸಲೂ ಆಗದಿದ್ದರೆ, ಬಿರುಕಿನ ಶಂಕೆ; ಓಟ ಅಂದೇ ನಿಲ್ಲಬೇಕು. ಶುರುವಿನಲ್ಲಿ ಎಕ್ಸ್‌ರೇಯಲ್ಲೂ ಬಿರುಕು ಕಾಣದೆ ಹೋಗಬಹುದು. ಅಗ್ನಿಪಥದಲ್ಲಿ ತರಬೇತಿಯೂ ಸೇರಿ ಸೇವೆ 4 ವರ್ಷ. ಅದರಲ್ಲಿ ತಿಂಗಳುಗಟ್ಟಲೆ ಆಸ್ಪತ್ರೆಗೆ ಹೋದರೆ ಹುಡುಗನಿಗೆ ಆಗುವ ನಷ್ಟ ಸಣ್ಣದಲ್ಲ.

ವಿರೋಧ

ಮೂಳೆಯ ಮಾತು ಒಪ್ಪತಕ್ಕದ್ದೇ. ಆದರೆ ಕಾಲಿಗೆ ಏಟು ಬೀಳುವುದು ಬೆಳಗಿನ ಓಟದಲ್ಲಿ ಮಾತ್ರವೇ? ಪರೇಡ್ ಮೈದಾನದ ಗಟ್ಟಿ ನೆಲಕ್ಕೆ ಡ್ರಿಲ್ ಬೂಟು ಅಪ್ಪಳಿಸುವುದು, ಮೆಸ್‌ನಿಂದ ಕ್ಲಾಸಿಗೆ ಡಬಲ್ (ಓಡುತ್ತಲೇ ಹೋಗುವುದು), ಸಂಜೆಯ ರಗಡಾ (ಶಿಕ್ಷೆಯ ಕಸರತ್ತು), ಇವೆಲ್ಲ ಯಾವ ಲೆಕ್ಕಕ್ಕೆ? ಮೂರು ಗುಂಪು ಮಾಡಿಯೂ ಇವನ್ನು ಹಾಗೇ ಬಿಟ್ಟರೆ ಬಿರುಕು ತಪ್ಪುವುದಿಲ್ಲ.

ಮೂರು ಗುಂಪಿಗೆ ಮೂವರು ಉಸ್ತಾದರೂ (ತರಬೇತುದಾರರೂ) ಬೇಕು. ಸಿಗದಿದ್ದರೆ ಹೆಚ್ಚು ನಿಗಾ ಬೇಕಾದ ಕೊನೆಯ ಗುಂಪೇ ಕೇಳುವವರಿಲ್ಲದೆ ಉಳಿಯುತ್ತದೆ. ನಿಧಾನದವನೆಂಬ ಹಣೆಪಟ್ಟಿಗೆ ಹೆದರಿದ ಹುಡುಗ ನೋವು ಬಚ್ಚಿಟ್ಟು ಓಡುತ್ತಾನೆ. ಮುಂದೆ ಸೇನೆಯ ದೈಹಿಕ ಸಾಮರ್ಥ್ಯ ಪರೀಕ್ಷೆಯಲ್ಲಿ ದೂರದ ಓಟ, ಹಗ್ಗ ಎಲ್ಲರಿಗೂ ಇದ್ದದ್ದೇ. ಗಸ್ತಿಗೆ ಹೊರಟ ಸೆಕ್ಷನ್ (ಸೈನಿಕರ ಸಣ್ಣ ತಂಡ) ಒಟ್ಟಿಗೇ ಹೋಗಿ ಒಟ್ಟಿಗೇ ಮರಳಬೇಕು. ಪಕ್ಕದವನು ಎಲ್ಲಿ ಸೋಲುತ್ತಾನೆ, ಯಾವಾಗ ಅವನ ಹೊರೆಗೆ ಹೆಗಲು ಕೊಡಬೇಕು ಎಂಬುದು ಜತೆಯಲ್ಲಿ ಓಡಿದವನಿಗಷ್ಟೇ ತಿಳಿಯುತ್ತದೆ.

ಸ್ಕ್ವಾಡ್ (ಒಟ್ಟಿಗೆ ತರಬೇತಿ ಪಡೆಯುವ ತಂಡ) ಒಡೆಯದೆಯೂ ಕಾಲು ಉಳಿಸಬಹುದು. ಡ್ರಿಲ್ ಹೆಚ್ಚಿರುವ ದಿನ ಓಟ ಕೈಬಿಟ್ಟು ಬೀಮ್ (ಅಡ್ಡಕಂಬಿ ಹಿಡಿದು ಮೈ ಎತ್ತುವುದು), ಹಗ್ಗ ಮಾಡಿಸಿ. ಓಟ ಮಣ್ಣಿನ ಟ್ರ್ಯಾಕಿನಲ್ಲಿ, ಶೂ ಹಾಕಿಯೇ ಇರಲಿ. ದೂರವನ್ನೂ ಬೆನ್ನಿನ ಭಾರವನ್ನೂ ಒಂದೇ ವಾರದಲ್ಲಿ ಏರಿಸಬೇಡಿ. ರೂಟ್ ಮಾರ್ಚ್‌ನಲ್ಲಿ ಗಿಡ್ಡವರನ್ನು ಮುಂದೆ ನಿಲ್ಲಿಸಿ, ಹೆಜ್ಜೆಯ ಉದ್ದವನ್ನು ಅವರೇ ತೀರ್ಮಾನಿಸಲಿ.