ಮಧ್ಯಂತರದಲ್ಲೇ ತೀರ್ಪು ಬರೆಯುವ ಮಹಾಶಯರಿಗೆ

‘ಫಸ್ಟ್ ಹಾಫ್ ಪರವಾಗಿಲ್ಲ, ಸೆಕೆಂಡ್ ಹಾಫ್ ಲ್ಯಾಗ್, ಬಿಜಿಎಂ (ಹಿನ್ನೆಲೆ ಸಂಗೀತ) ಬೆಂಕಿ, ಒಮ್ಮೆ ನೋಡಬಹುದು, ಐದಕ್ಕೆ ಮೂರೂಕಾಲು.’ ತಮಿಳಿನ ಆ್ಯಕ್ಷನ್ ಚಿತ್ರವೇ ಇರಲಿ, ಕಾಮಿಡಿಯೇ ಇರಲಿ, ವಿಮರ್ಶೆ ಮಾತ್ರ ಇದೊಂದೇ. ನಾಯಕನ ಹೆಸರೊಂದನ್ನು ಬದಲಿಸಿದರೆ ಮುಂದಿನ ಶುಕ್ರವಾರಕ್ಕೂ ನಡೆಯುತ್ತದೆ, ಬರುವ ದೀಪಾವಳಿಗೂ ನಡೆಯುತ್ತದೆ. ಮೂರರ ಮೇಲಿನ ಆ ಕಾಲು ಎಲ್ಲಿಂದ ಬಂತು ಸ್ವಾಮಿ? ಯಾವ ದೃಶ್ಯ ಅದನ್ನು ಸಂಪಾದಿಸಿತು? ತಮಿಳಿನ ‘ಆನಂದ ವಿಕಟನ್’ ಪತ್ರಿಕೆ ಚಿತ್ರಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. 1977ರಲ್ಲಿ ಭಾರತಿರಾಜ ಅವರ ‘16 ವಯದಿನಿಲೆ’ಗೆ ಅದು ಕೊಟ್ಟದ್ದು 62.5. ಜಿಪುಣತನ ಎನ್ನಿ ಬೇಕಾದರೆ, ಆದರೆ ಅಲ್ಲಿ ಅರ್ಧ ಅಂಕ ಕೊಡುವುದಕ್ಕೂ ಕೈ ಹಿಂದೆಮುಂದೆ ನೋಡುತ್ತಿತ್ತು. ಇಲ್ಲಿ ಸೊಪ್ಪಿನವಳು ಕೊಸರು ಹಾಕಿದ ಹಾಗೆ ಕಾಲು, ಅರ್ಧ, ಮುಕ್ಕಾಲು ಎಸೆಯುತ್ತಾರೆ.

ಈ ಪೀಡೆ ಬೆಂಗಳೂರಿನವರಿಗೆ ಇನ್ನಷ್ಟು ಹತ್ತಿರದ್ದು. 2023ರ ಆರಂಭದಲ್ಲಿ ‘ತುಣಿವು’ ಚಿತ್ರದ ಬಿಡುಗಡೆಯ ಸಂಭ್ರಮದಲ್ಲಿ ಅಭಿಮಾನಿಯೊಬ್ಬ ಸತ್ತ ಅವಘಡದ ನಂತರ ತಮಿಳುನಾಡಿನಲ್ಲಿ ನಸುಕಿನ ಪ್ರದರ್ಶನಗಳಿಗೆ ಕಡಿವಾಣ ಬಿತ್ತು. ಆ ವರ್ಷ ರಜನಿಕಾಂತ್ ಅವರ ‘ಜೈಲರ್’ ಅಲ್ಲಿ ಒಂಬತ್ತು ಗಂಟೆಗೆ ತೆರೆಕಂಡರೆ ಇಲ್ಲಿ ಆರಕ್ಕೇ ಶುರುವಾಗಿತ್ತು. ಹಾಗಾಗಿ ಚೆನ್ನೈನಲ್ಲಿ ಪರದೆ ಬೆಳಗುವ ಮುಂಚೆ ತೀರ್ಪು ಬೆಂಗಳೂರಿನಿಂದ ಹೊರಡಬೇಕು ಎಂಬ ಓಟ. ಅಂಥದ್ದೊಂದು ಬೆಳಗಿನ ಆಟದಲ್ಲಿ ನನ್ನ ಮುಂದಿನ ಸಾಲಿನ ಮಹಾಶಯನನ್ನು ನೋಡಬೇಕಿತ್ತು. ಮೊಬೈಲಿನ ಬೆಳಕು ಪೂರ್ತಿ ಏರಿಸಿ ಎದೆಯ ಮಟ್ಟಕ್ಕೆ ಹಿಡಿದಿದ್ದ. ಪರದೆಯ ಮೇಲೆ ಕತ್ತಲ ಗಲ್ಲಿಯಲ್ಲಿ ಹೊಡೆದಾಟ ನಡೆದಿದೆ, ಇವನ ಹೆಬ್ಬೆರಳು ‘ಫೈಟ್ ಮಾಸ್’ ಎಂದು ಒತ್ತುತ್ತಿದೆ. ಯಾರು ಯಾರಿಗೆ ಹೊಡೆದರು ಎಂದು ಕೇಳಿದ್ದರೆ ಹೇಳುತ್ತಿರಲಿಲ್ಲ, ಅವನು ನೋಡಿದ್ದರಲ್ಲವೇ! ಮಧ್ಯಂತರದಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು ಅರ್ಧ ತೀರ್ಪನ್ನು ಊರಿಗೆಲ್ಲ ಹಂಚಿದ. ಹೊರಗೆ ಬಂದರೆ ಮೂತಿಗೇ ಮೈಕು. ‘ಸಾರ್, ಸಿನಿಮಾ ಹೇಗಿದೆ?’ ಕ್ಯಾಮೆರಾ ಕಂಡೊಡನೆ ಅಲ್ಲಿಯವರೆಗೆ ಆಕಳಿಸುತ್ತಿದ್ದವನೂ ಎರಡೂ ಕೈ ಎತ್ತಿ ಕೂಗುತ್ತಾನೆ. ಕೂಗದವನ ಮಾತು ಪ್ರಸಾರವಾಗುವುದೂ ಇಲ್ಲ.

‘ಕೈದಿ’ 2019ರ ದೀಪಾವಳಿಗೆ ವಿಜಯ್ ಅವರ ‘ಬಿಗಿಲ್’ ಎದುರು ಬಂದ ಚಿತ್ರ. ಹಾಡಿಲ್ಲ, ನಾಯಕಿ ಇಲ್ಲ, ಒಂದೇ ರಾತ್ರಿಯ ಕಥೆ. ಈ ಮೂರು ಮಾತನ್ನು ಎಲ್ಲರೂ ಬರೆದರು, ಅಲ್ಲಿಗೆ ಮುಗಿಸಿದರು. ಹತ್ತು ವರ್ಷ ಜೈಲಿನಲ್ಲಿದ್ದ ನಾಯಕ ಡಿಲ್ಲಿ ಬಿರಿಯಾನಿಗೆ ಕೈ ಹಾಕಿ ಗಬಗಬನೆ ತಿನ್ನುವಾಗ ನಿರ್ದೇಶಕ ಲೋಕೇಶ್ ಕನಕರಾಜ್ ಅವನ ಬಗ್ಗೆ ಒಂದು ಮಾತನ್ನೂ ಹೇಳದೆ ಎಲ್ಲವನ್ನೂ ಹೇಳಿದ್ದಾರೆ, ಅದು ಯಾರ ಕಣ್ಣಿಗೂ ಬೀಳಲಿಲ್ಲವೇ? ಅದುವರೆಗೆ ಹೆಚ್ಚಾಗಿ ನಗಿಸುವ ಸಣ್ಣ ಪಾತ್ರಗಳಲ್ಲಿ ಕಂಡಿದ್ದ ಜಾರ್ಜ್ ಮರಿಯನ್ ಕೈಗೆ ಇಡೀ ಕಮಿಷನರ್ ಕಚೇರಿಯನ್ನು ಕಾಯುವ ಕೆಲಸ ಕೊಟ್ಟದ್ದೇಕೆ? ಆ ಬಡಪಾಯಿ ಪೇದೆ ಬಾಗಿಲು ಭದ್ರಪಡಿಸಲು ಓಡಾಡುವಾಗ ನಮಗೆ ಭಯವಾಗುವುದು ಅವನನ್ನು ಕಂಡು ನಕ್ಕ ಅಭ್ಯಾಸ ನಮಗಿರುವುದರಿಂದಲೇ. ಇದನ್ನು ಬಿಡಿಸಿ ಹೇಳುವುದು ವಿಮರ್ಶಕನ ಕೆಲಸ. ಹೊಡೆದಾಟ ಸಂಯೋಜಿಸಿದ ಅನ್ಬರಿವ್ ಅವಳಿ ಸೋದರರ ಹೆಸರನ್ನಾದರೂ ಒಂದು ಸಾಲಿನಲ್ಲಿ ಬರೆಯಬಾರದೇ? ಆ್ಯಕ್ಷನ್ ಚಿತ್ರದ ವಿಮರ್ಶೆಯಲ್ಲಿ ಸಾಹಸ ನಿರ್ದೇಶಕನ ಹೆಸರೇ ಇಲ್ಲದಿದ್ದರೆ ಮತ್ತೇನು ನೋಡಿ ಬಂದಿರಿ?

ಹಾಸ್ಯದ ವಿಷಯಕ್ಕೆ ಬಂದರೆ ಮೈಯೇ ಉರಿಯುತ್ತದೆ. ಕಾಮಿಡಿ ಚಿತ್ರದ ವಿಮರ್ಶೆ ಎಂದರೆ ಅದರ ಒಳ್ಳೆಯ ಐದು ಜೋಕುಗಳನ್ನು ಮುಂಚಿತವಾಗಿ ಹೇಳಿ ಕೊಲ್ಲುವುದು ಎಂದು ಇವರಿಗೆ ಯಾರು ಕಲಿಸಿದರೋ. ಅದೂ ಇಲ್ಲವೆಂದರೆ ‘ನಗು ಬರಲಿಲ್ಲ’. ನೆಲ್ಸನ್ ಅವರ ‘ಡಾಕ್ಟರ್’ ಬಂದಾಗ ‘ಶಿವಕಾರ್ತಿಕೇಯನ್ ಮುಖದಲ್ಲಿ ಭಾವನೆಯೇ ಇಲ್ಲ’ ಎಂದು ದೂರಿದ್ದನ್ನು ಓದಿ ತಲೆ ಚಚ್ಚಿಕೊಂಡೆ. ಅಯ್ಯಾ, ಮಿಮಿಕ್ರಿಯಿಂದ, ಕಿರುತೆರೆಯ ಹಾಸ್ಯದಿಂದ ಬಂದ ನಟನನ್ನು ಕಲ್ಲಿನಂತೆ ನಿಲ್ಲಿಸಿ, ಸುತ್ತ ಯೋಗಿಬಾಬು, ರೆಡಿನ್ ಕಿಂಗ್ಸ್‌ಲಿ ಅಂಥವರನ್ನು ಪರದಾಡಲು ಬಿಟ್ಟದ್ದೇ ಅಲ್ಲಿಯ ಹಾಸ್ಯ. ಅವನು ಒಮ್ಮೆ ನಕ್ಕಿದ್ದರೆ ಚಿತ್ರವೇ ಕುಸಿಯುತ್ತಿತ್ತು.

ಕ್ರೇಜಿ ಮೋಹನ್ ಸಂಭಾಷಣೆ ಬರೆದ ‘ಪಂಚತಂತಿರಂ’ ಈಗ ಬಿಡುಗಡೆಯಾಗಿದ್ದರೆ ಇವರು ಏನೆಂದು ಬರೆಯುತ್ತಿದ್ದರೋ ನನಗೆ ಗೊತ್ತಿದೆ: ‘ಮಾತು ಜಾಸ್ತಿ, ಲಾಜಿಕ್ ಇಲ್ಲ.’ ಐವರು ಗೆಳೆಯರು ಒಬ್ಬರ ಬಾಯಿಂದ ಒಬ್ಬರು ಮಾತು ಕಿತ್ತುಕೊಳ್ಳುವ ಚಿತ್ರ ಅದು. ನಾಟಕದ ರಂಗದಿಂದ ಬಂದವರ ಕಿವಿ ಇಲ್ಲದೆ ಆ ತಾಳ ಹುಟ್ಟುವುದಿಲ್ಲ. ಅದರಲ್ಲಿ ಹೆಗ್ಡೆಯಾಗಿ ನಮ್ಮ ರಮೇಶ್ ಅರವಿಂದ್ ಇದ್ದಾರೆ, ಅವರಿಗೆ ಸಿಕ್ಕಿದ್ದು ಅಬ್ಬರದ ಪ್ರವೇಶವಲ್ಲ, ಇನ್ನೊಬ್ಬರ ಮಾತು ಮುಗಿಯುವ ಮುನ್ನ ಸರಿಯಾಗಿ ನುಗ್ಗುವ ಕೆಲಸ. ಹಾಗೆ ನುಗ್ಗುವುದು ಎಷ್ಟು ಕಷ್ಟ ಎಂಬುದನ್ನು ಬರೆದ ವಿಮರ್ಶೆಯೊಂದನ್ನು ಓದುವ ಆಸೆ ನನಗೆ ಇನ್ನೂ ಇದೆ.

ಗುಟ್ಟು ಬಿಟ್ಟುಕೊಡುವವರ ಪಂಗಡವೇ ಬೇರೆ. ಕಮಲ್ ಹಾಸನ್ ಅವರ ‘ವಿಕ್ರಮ್’ ಹಳತಾಯಿತು, ಈಗ ಹೇಳಿದರೆ ಪಾಪವಿಲ್ಲ: ಮನೆಗೆಲಸದವಳ ವೇಷದಲ್ಲಿದ್ದ ಗುಪ್ತಚರೆ ಟೀನಾ ಸೆರಗು ಕಟ್ಟಿ ನಿಂತ ಕ್ಷಣ ಚಿತ್ರಮಂದಿರ ಬೆಚ್ಚಿಬಿದ್ದಿತು. ವರ್ಷಗಟ್ಟಲೆ ಹಾಡುಗಳ ಗುಂಪಿನಲ್ಲಿ ಕುಣಿದ ವಾಸಂತಿಯವರಿಗೆ ಸಿಕ್ಕ ನಿಮಿಷಗಳು ಅವು. ಬಿಡುಗಡೆಯ ದಿನ ಮಧ್ಯಾಹ್ನಕ್ಕೇ ‘ಏಜೆಂಟ್ ಟೀನಾ ಯಾರು ಗೊತ್ತೇ?’ ಎಂದು ಫೋಟೊ ಸಮೇತ ಶೀರ್ಷಿಕೆ. ಮಾರನೆಯ ದಿನ ಹೋದವರು ಬೆಚ್ಚುವುದೆಲ್ಲಿಂದ ಬಂತು?

ನಿರ್ಮಾಪಕರ ಪರ ವಾದಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಮೊದಲ ಮೂರು ದಿನ ವಿಮರ್ಶೆಗೇ ತಡೆ ಬೇಕೆಂದು ಅವರ ಸಂಘಟನೆಯೊಂದು 2024ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋಯಿತು, ನ್ಯಾಯಾಲಯ ಮಧ್ಯಂತರ ತಡೆ ಕೊಡಲಿಲ್ಲ. ಸರಿಯಾಗಿಯೇ ಆಯಿತು. ಟಿಕೆಟ್ ಬೆಲೆ ಮುಗಿಲು ಮುಟ್ಟುವುದು ಆ ಮೂರು ದಿನಗಳಲ್ಲೇ, ಆಗಲೇ ನಾವು ಬಾಯಿ ಮುಚ್ಚಿಕೊಂಡಿರಬೇಕೇ? ಎರಡನೆಯ ದಿನವೇ ಕೇಕ್ ಕತ್ತರಿಸಿ ಗೆಲುವಿನ ಸಭೆ ಮಾಡುವುದಕ್ಕೆ ಮಾತ್ರ ಯಾವ ತಡೆಯೂ ಬೇಡವಂತೆ.

ಕನ್ನಡದ ವಿಮರ್ಶಕರೂ ಕಮ್ಮಿಯಿಲ್ಲ. ‘ಜೈಲರ್’ ಬಗ್ಗೆ ನಾನು ಓದಿದ ಬರಹಗಳಲ್ಲಿ ಮುಕ್ಕಾಲು ಭಾಗ ಶಿವಣ್ಣ ಬಂದ ಕೆಲವೇ ನಿಮಿಷಗಳ ವರ್ಣನೆ. ನರಸಿಂಹನಾಗಿ ಅವರು ಬಂದಾಗ ನಾನೂ ಶಿಳ್ಳೆ ಹಾಕಿದವನೇ. ಆದರೆ ಉಳಿದ ಎರಡೂವರೆ ಗಂಟೆ? ತಮಿಳು ಬಾರದವರಿಗೆ ಸಬ್‌ಟೈಟಲ್ ಇದೆಯೇ, ರಕ್ತ ಎಷ್ಟಿದೆ, ಮಕ್ಕಳನ್ನು ಕರೆದೊಯ್ಯಬಹುದೇ, ವಯಸ್ಸಾದವರು ಕೂರಬಲ್ಲರೇ? ಮನೆಯವರು ಕೇಳುವುದು ಇದನ್ನೇ. ಅದಕ್ಕೆ ಉತ್ತರವಾಗಿ ಸಿಕ್ಕಿದ್ದು ‘ಕುಟುಂಬ ಸಮೇತ ನೋಡಬಹುದಾದ ಮನರಂಜನೆ’ ಎಂಬ ಒಂದು ಸಾಲು. ನನ್ನ ತಂಗಿ ಅದನ್ನು ನಂಬಿ ಏಳು ವರ್ಷದ ಮಗನನ್ನು ಕರೆದುಕೊಂಡು ಹೋದಳು. ಆ್ಯಸಿಡ್ ತುಂಬಿದ ತೊಟ್ಟಿಯಲ್ಲಿ ಮನುಷ್ಯರನ್ನು ಕರಗಿಸುವ ಖಳನಿರುವ ಚಿತ್ರವನ್ನು ಕುಟುಂಬ ಸಮೇತ ನೋಡಿ ಎಂದು ಬರೆದ ಪುಣ್ಯಾತ್ಮನದು ಎಂಥ ಕುಟುಂಬವೋ, ಒಮ್ಮೆ ಅವನ ಮನೆಗೇ ಹೋಗಿ ನೋಡಿಕೊಂಡು ಬರಬೇಕು ಎನ್ನುತ್ತಿದ್ದಾಳೆ.