ಡ್ರ್ಯಾಗನ್ ಕೊಲ್ಲಲು ಜನ ಬೇಕಾಗಿದ್ದಾರೆ

ನಮ್ಮ ಆಟದ ಗುಂಪು ಚದುರಿ ಎಂಟು ತಿಂಗಳಾಯಿತು. ಜಗಳ ಏನೂ ಆಗಿಲ್ಲ. ಒಬ್ಬ ಟೊರಾಂಟೊಗೆ ಹೋದ, ಇನ್ನೊಬ್ಬ ಬೆಂಗಳೂರಿನ ಆಚೆ ತುದಿಯ ಸರ್ಜಾಪುರದಲ್ಲಿ ಫ್ಲ್ಯಾಟ್ ತಗೊಂಡ. ಟೊರಾಂಟೊದವನು ವಿಡಿಯೊ ಕಾಲ್‌ನಲ್ಲಿ ಈಗಲೂ ಸಿಗುತ್ತಾನೆ. ಸರ್ಜಾಪುರದವನ ಮುಖ ನೋಡಿ ಯಾವ ಕಾಲವಾಯಿತೋ. ಮೂರನೆಯವಳಿಗೆ ಅವಳಿ ಮಕ್ಕಳಾದವು, ರಾಕ್ಷಸರ ಜೊತೆ ಹೋರಾಡಲು ಅವಳು ಮನೆ ಬಿಟ್ಟು ಬರಬೇಕಾದ ಅಗತ್ಯವೇ ಉಳಿಯಲಿಲ್ಲ. ಕೊನೆಗೆ ರಾಜಾಜಿನಗರದಲ್ಲಿ ಉಳಿದದ್ದು ನಾನು, ನನ್ನ ಒಂದು ಡಬ್ಬಿ ದಾಳ.

ಪಗಡೆ ದಾಳ ಅಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟದ್ದು. ನಾಲ್ಕು ಮುಖದಿಂದ ಹಿಡಿದು ಇಪ್ಪತ್ತು ಮುಖದವರೆಗೆ ಇರುತ್ತವೆ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬ ಕುಳ್ಳ ಯೋಧ, ಒಬ್ಬ ಕಳ್ಳ, ಒಬ್ಬಳು ಮಾಂತ್ರಿಕಳು ಆಗಬೇಕು. ಕಥೆ ನಡೆಸುವ ಡಂಜನ್ ಮಾಸ್ಟರ್ "ಎದುರಿಗೆ ಹಳ್ಳ ಬಂತು, ಏನ್ ಮಾಡ್ತೀಯ?" ಅಂತಾನೆ. ಹಾರ್ತೀನಿ ಅಂದವನು ಇಪ್ಪತ್ತು ಮುಖದ ದಾಳ ಎಸೀಬೇಕು. ಹದಿನೆಂಟು ಬಿದ್ದರೆ ಆಚೆ ದಡ, ಮೂರು ಬಿದ್ದರೆ ಹಳ್ಳದೊಳಗೆ. ಇಷ್ಟೇ.

ಇಷ್ಟಕ್ಕೆ ಒಂದು ಹೊಸ ಗುಂಪು ಸೇರೋಣ ಅಂತ ಹೊರಟರೆ, ವೈಟ್‌ಫೀಲ್ಡ್ ಕಡೆಯ ಗುಂಪೊಂದು ಮೊದಲು ಫಾರ್ಮ್ ಕಳಿಸಿತು. ಮೂವತ್ತೊಂದು ಪ್ರಶ್ನೆ. ಎಷ್ಟು ವರ್ಷದ ಅನುಭವ, ಹಿಂದಿನ ಗುಂಪು ಬಿಟ್ಟ ಕಾರಣ, ಸದ್ಯದ ಉದ್ಯೋಗ, ಎಷ್ಟು ದಿನದೊಳಗೆ ಸೇರಬಲ್ಲಿರಿ. ಸಂಬಳ ಎಷ್ಟು ನಿರೀಕ್ಷಿಸುತ್ತೀರಿ ಅನ್ನೋದೊಂದು ಇರಲಿಲ್ಲ, ಯಾಕೆಂದರೆ ಸಮೋಸಕ್ಕೆ ದುಡ್ಡು ಹಾಕಬೇಕಾದವನು ನಾನೇ.

ಆಮೇಲೆ ವಿಡಿಯೊದಲ್ಲಿ ಸಂದರ್ಶನ. ಮೂವರು ಕೂತಿದ್ದರು, ಅದರಲ್ಲಿ ಒಬ್ಬರ ಕ್ಯಾಮೆರಾ ಆಫ್.

"ಐದು ವರ್ಷ ಆದ್ಮೇಲೆ ನಿಮ್ಮ ಕುಳ್ಳ ಎಲ್ಲಿರ್ತಾನೆ?"

"ಗುಹೇಲೇ ಇರ್ತಾನೆ ಸಾರ್."

ಮೂವರೂ ಏನೋ ಬರಕೊಂಡರು. ವಾರ ಬಿಟ್ಟು ಮೆಸೇಜ್ ಬಂತು. ನಿಮ್ಮ ಪ್ರೊಫೈಲ್ ಚೆನ್ನಾಗಿದೆ, ಸದ್ಯಕ್ಕೆ ಕುಳ್ಳರ ಹುದ್ದೆ ಖಾಲಿ ಇಲ್ಲ, ಕ್ಲೆರಿಕ್ ಆಗ್ತೀರಾ? ಕ್ಲೆರಿಕ್ ಅಂದರೆ ಮಂತ್ರ ಹಾಕಿ ಉಳಿದವರ ಗಾಯ ವಾಸಿ ಮಾಡೋ ಪುರೋಹಿತ. ಎಲ್ಲರಿಗೂ ಕತ್ತಿ ಬೀಸೋ ಆಸೆ, ಬ್ಯಾಂಡೇಜ್ ಕಟ್ಟೋಕೆ ಯಾರೂ ತಯಾರಿಲ್ಲ. ಹಾಗಾಗಿ ಶ್ರಾವಣದಲ್ಲಿ ಪುರೋಹಿತರು ಸಿಗದ ಹಾಗೆ ಈ ಆಟದಲ್ಲಿ ವರ್ಷಪೂರ್ತಿ ಸಿಗೋದಿಲ್ಲ.

ಈ ಆಟ ಅಚ್ಚಾಗಿ ಬಂದದ್ದು 1974ರಲ್ಲಿ. ಮೊದಲ ಸಲ ಹಾಕಿಸಿದ್ದು ಒಂದು ಸಾವಿರ ಪ್ರತಿ. ಡೇವ್ ಆರ್ನೆಸನ್ ಜೊತೆ ಸೇರಿ ಇದನ್ನು ಕಟ್ಟಿದ ಗ್ಯಾರಿ ಗೈಗ್ಯಾಕ್ಸ್, ಅಮೆರಿಕದ ವಿಸ್ಕಾನ್ಸಿನ್‌ನವನು, ವಿಮಾ ಕಂಪನಿಯ ಕೆಲಸ ಕಳಕೊಂಡು ಹೊಟ್ಟೆಪಾಡಿಗೆ ಬೂಟು ರಿಪೇರಿ ಮಾಡುತ್ತಿದ್ದ. ಪುಣ್ಯಾತ್ಮ ಈಗ ಬೆಂಗಳೂರಿಗೆ ಬಂದು "ಸದ್ಯದ ಉದ್ಯೋಗ" ಕಾಲಂನಲ್ಲಿ ಹಾಗಂತ ಬರೆದಿದ್ದರೆ ಎರಡನೇ ಸುತ್ತಿಗೂ ಕರೀತಿರಲಿಲ್ಲ.

ಪುತ್ತೂರಿನ ಸೋದರಮಾವನಿಗೆ ಫೋನ್‌ನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅವರು ಅರ್ಥಧಾರಿ, ಅಂದರೆ ಯಕ್ಷಗಾನದ ಪಾತ್ರಗಳ ಮಾತು ಆಡೋರು. ಪೂರ್ತಿ ಕೇಳಿದರು.

"ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಒಬ್ಬ ಕರ್ಣ, ಒಬ್ಬ ಕೃಷ್ಣ. ಕತೆ ನಡೆಸ್ಲಿಕ್ಕೆ ಭಾಗವತರು. ಅದು ನಮ್ಮ ತಾಳಮದ್ದಳೆಯೇ ಅಲ್ವಾ ಮಾರಾಯಾ?"

"ಹೌದು ಮಾವ. ಆದ್ರೆ ಕರ್ಣ ಬರದಿದ್ರೆ ನೀವೇನ್ ಮಾಡ್ತೀರಿ?"

"ಎದುರು ಕೂತವರಲ್ಲಿ ಒಬ್ಬರನ್ನು ಎಬ್ಬಿಸುದು. ಭಾಗವತರು ಪದ ಹೇಳಿ ಆದ ಮೇಲೆ ಕರ್ಣ ಮಾತಾಡ್ಲೇಬೇಕಲ್ಲ."

"ಮೊದಲು ಫಾರ್ಮ್ ತುಂಬಿಸ್ಕೊಳ್ಳಲ್ವಾ?"

"ಎಂಥ ಫಾರ್ಮ್? ಚಾ ಕುಡಿದದ್ದಕ್ಕಾ?"

ಸರಿ, ನಾನೇ ಭಾಗವತ ಆಗೋಣ ಅಂತ ತೀರ್ಮಾನಿಸಿದೆ. ಜಾಗಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಹಾಲ್ ಇದೆಯಲ್ಲ. ಅಸೋಸಿಯೇಷನ್ ಸೆಕ್ರೆಟರಿ ಇಪ್ಪತ್ತು ಮುಖದ ದಾಳವನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡಿದರು.

"ಇದು ಜೂಜು ಕಣ್ರೀ. ಸರ್ಕಾರ ಬ್ಯಾನ್ ಮಾಡಿದೆ."

ಅವರು ಹೇಳುತ್ತಿದ್ದದ್ದು 2021ರ ಪೊಲೀಸ್ ಕಾಯ್ದೆ ತಿದ್ದುಪಡಿ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳ ಮೇಲಿನದು, ಅದರ ಮುಖ್ಯ ಅಂಶಗಳನ್ನೂ 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ನಮ್ಮಲ್ಲಿ ದುಡ್ಡೂ ಇಲ್ಲ, ಆನ್‌ಲೈನೂ ಇಲ್ಲ ಅಂದೆ. "ಹೈಕೋರ್ಟ್ ಅಲ್ಲಿ, ಬೈಲಾ ಇಲ್ಲಿ" ಅಂದರು. ದೀಪಾವಳಿಗೆ ಇದೇ ಹಾಲ್‌ನಲ್ಲಿ ಮೂರು ರಾತ್ರಿ ಇಸ್ಪೀಟು ನಡೆದು, ಸ್ವತಃ ಸೆಕ್ರೆಟರಿಯವರೇ ನಾಲ್ಕು ಸಾವಿರ ಕಳಕೊಂಡಿದ್ದರು. ಅದು ಸಂಪ್ರದಾಯವಂತೆ.

ಬುಕಿಂಗ್ ಫಾರ್ಮಲ್ಲಿ ಇದ್ದ ಆಯ್ಕೆ ನಾಲ್ಕು: ಹುಟ್ಟುಹಬ್ಬ, ನಾಮಕರಣ, ಸತ್ಯನಾರಾಯಣ ಪೂಜೆ, ಇತರೆ. ಇತರೆಗೆ ಟಿಕ್ ಹಾಕಿದರೆ ಕಮಿಟಿ ಸೇರಬೇಕು. ಕಮಿಟಿಯ ಕೋರಂ ತುಂಬೋದು ನಮ್ಮ ಆಟಕ್ಕೆ ಜನ ಸೇರೋದಕ್ಕಿಂತ ಕಷ್ಟ. ಕಣ್ಣು ಮುಚ್ಚಿ ಸತ್ಯನಾರಾಯಣನಿಗೆ ಟಿಕ್ ಹಾಕಿದೆ.

"ಪುರೋಹಿತರು ಯಾರು?" ಅಂತ ಕೇಳಿದರು.

"ಅದೇ ಸಾರ್, ಇನ್ನೂ ಸಿಕ್ಕಿಲ್ಲ" ಅಂದೆ. ಸುಳ್ಳೇನೂ ಹೇಳಲಿಲ್ಲ.

ವಾಟ್ಸಾಪ್‌ನಲ್ಲಿ ಹದಿನಾಲ್ಕು ದಿನ ಪೋಲ್ ನಡೆಸಿ ಭಾನುವಾರ ಸಂಜೆ ನಾಲ್ಕು ಅಂತ ನಿಗದಿ ಆಯಿತು. ಬರ್ತೀನಿ ಅಂದವರು ಏಳು ಜನ. ನಾಲ್ಕಕ್ಕೆ ಸರಿಯಾಗಿ ಟೊರಾಂಟೊದವನು ಲ್ಯಾಪ್‌ಟಾಪಿನಲ್ಲಿ ಪ್ರತ್ಯಕ್ಷ ಆದ. ಅಲ್ಲಿ ಬೆಳಗ್ಗೆ ಆರೂವರೆ, ಸ್ವೆಟರ್ ಹಾಕಿಕೊಂಡು ಕಾಫಿ ಹಿಡಿದು ಕೂತಿದ್ದ. ಹಾಲ್‌ಗೆ ಬಂದದ್ದು ಬಸವೇಶ್ವರನಗರದ ಒಬ್ಬ ಹುಡುಗ, ಮತ್ತೆ ನೋಟಿಸ್ ಬೋರ್ಡ್ ನೋಡಿ ಪ್ರಸಾದಕ್ಕೆ ಅಂತ ಸ್ಟೀಲ್ ಡಬ್ಬಿ ಹಿಡಿದು ಬಂದ ಮೂರನೇ ಮಹಡಿಯ ಅಜ್ಜಿ. ಅವರಿಗೆ ಎರಡು ಸಮೋಸ ಕೊಟ್ಟು ಕೂರಿಸಿದೆವು.

ಸರ್ಜಾಪುರದವನು ಎರಡಕ್ಕೇ ಹೊರಟಿದ್ದನಂತೆ, ಲೈವ್ ಲೊಕೇಶನ್ ಕಳಿಸಿದ್ದ. ನೀಲಿ ಚುಕ್ಕೆ ಇಬ್ಬಲೂರು ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆಯಿಂದ ಅಲ್ಲಾಡದೆ ನಿಂತಿತ್ತು. ಜಂಕ್ಷನ್ ದಾಟ್ತಾನೋ ಇಲ್ಲವೋ ನೋಡಿಬಿಡೋಣ ಅಂತ ಅಜ್ಜಿಯ ಕೈಗೆ ಇಪ್ಪತ್ತು ಮುಖದ ದಾಳ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ಎಸೆದರು.

ಎರಡು ಬಿತ್ತು.