ನಾಯಿ ಎಷ್ಟು ಕೆಜಿ ಇದೆ?

ದೊಡ್ಡಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದ ವಾರದಲ್ಲೇ ನಮ್ಮ ಮನೆಯಲ್ಲಿ ಹದಿನೇಳು ಜನ ಡಾಕ್ಟರಾದರು. ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬರೇ. ಅವರು ಪಾಪ ಓದಿ ಆದವರು, ಹಾಗಾಗಿ ಅವರ ಮೇಲೆ ಯಾರಿಗೂ ಅಷ್ಟಾಗಿ ನಂಬಿಕೆ ಇರಲಿಲ್ಲ.

ಮೊದಲು ಲಕ್ಷ್ಮಣಫಲ ಬಂತು. ತಂದವರು ಸೋದರಮಾವ. "ಕಿಮೋಗಿಂತ ಹತ್ತು ಸಾವಿರ ಪಟ್ಟು ಪವರ್" ಅಂದರು. ಆ ಹತ್ತು ಸಾವಿರದ ಲೆಕ್ಕ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳದ್ದು, ಮನುಷ್ಯರದ್ದಲ್ಲ. ತಟ್ಟೆಯಲ್ಲಿರೋ ಜೀವಕೋಶವನ್ನು ಫಿನಾಯಿಲೂ ಕೊಲ್ಲುತ್ತೆ ಅಲ್ವಾ? ಇದನ್ನು ಬಾಯಿಬಿಟ್ಟು ಹೇಳಿ ನಾನು "ನೆಗೆಟಿವ್ ಮನುಷ್ಯ" ಅನ್ನಿಸಿಕೊಂಡೆ.

ಹಿಂದೆಯೇ ಗೋಧಿಹುಲ್ಲಿನ ರಸ, ಅರಿಶಿನದ ಕ್ಯಾಪ್ಸೂಲ್. ಸಾರಿಗೆ ಹಾಕೋ ಚಿಟಿಕೆ ಅರಿಶಿನದ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಕ್ಯಾಪ್ಸೂಲಿನಲ್ಲಿ ಕಾಳುಮೆಣಸಿನ ಸಾರವನ್ನೂ ಸೇರಿಸಿ, ರಕ್ತಕ್ಕೆ ಜಾಸ್ತಿ ಇಳಿಯೋ ಹಾಗೆ ಮಾಡಿರುತ್ತಾರೆ. ಅದರಿಂದ ಲಿವರ್‌ಗೆ ಪೆಟ್ಟು ಬಿದ್ದವರಿದ್ದಾರೆ.

2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು, ಹೆಂಡತಿಯ ಕ್ಯಾನ್ಸರ್ ಗೆದ್ದದ್ದರ ಹಿಂದೆ ನಿಂಬೆನೀರು, ಅರಿಶಿನ, ಬೇವಿನ ಪಥ್ಯ ಇದೆ ಅಂದರು. ಆಕೆಗೆ ಸರ್ಜರಿ, ಕಿಮೋ ಎರಡೂ ಆಗಿತ್ತು. ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನ ಹಾಲಿ, ಮಾಜಿ ತಜ್ಞರು 262 ಜನ ಸಹಿ ಹಾಕಿ, ಇಂಥದ್ದನ್ನು ನಂಬಿ ಚಿಕಿತ್ಸೆ ತಡಮಾಡಬೇಡಿ ಅಂದರು. ನಮ್ಮ ಫ್ಯಾಮಿಲಿ ಗ್ರೂಪಿಗೆ ನಿಂಬೆಹಣ್ಣು ಒಂಬತ್ತು ಸಲ ಬಂತು. ಆ 262 ಜನ ಒಂದು ಸಲವೂ ಬರಲಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿರುವ ದೊಡ್ಡಮ್ಮನ ಮಗನ ಫೋನು. ಜಂತುಹುಳದ ಔಷಧಿ ಕೊಡಬೇಕಂತೆ. ಒಂದು ಐವರ್ಮೆಕ್ಟಿನ್. "ಅದಕ್ಕೆ ನೊಬೆಲ್ ಬಂದಿದೆ ಕಣೋ!" ಬಂದಿದೆ, 2015ರಲ್ಲಿ, ಹುಳ ಕೊಂದದ್ದಕ್ಕೆ. ಇನ್ನೊಂದು ಫೆನ್‌ಬೆಂಡಜೋಲ್, ನಾಯಿ, ದನಗಳಿಗೆ ಕೊಡೋದು. 2019ರಲ್ಲಿ ದಕ್ಷಿಣ ಕೊರಿಯಾದಲ್ಲಿ ಇದರಿಂದ ಕ್ಯಾನ್ಸರ್ ವಾಸಿಯಾಯ್ತು ಅನ್ನೋ ಒಂದು ಯೂಟ್ಯೂಬ್ ವಿಡಿಯೊ ನೋಡಿ ಜನ ಮುಗಿಬಿದ್ದು, ನಾಯಿಗಳಿಗೇ ಸಿಗದ ಹಾಗೆ ಖಾಲಿ ಮಾಡಿದ್ದರು.

ತರಲು ಹೋದವನು ನಾನೇ. ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೋದೆ ಅಂತ ಕೇಳಬೇಡಿ. ಮನೆಯಲ್ಲಿ ಹದಿನೇಳು ಜನ ಇದ್ದರು.

"ನಾಯಿ ಎಷ್ಟು ಕೆಜಿ ಇದೆ?" ಅಂದ ಅಂಗಡಿಯವನು.

"58."

"ಅಬ್ಬಾ! ಗ್ರೇಟ್ ಡೇನಾ?"

ಸುಮ್ನೆ ತಲೆಯಾಡಿಸಿದೆ. "ವಯಸ್ಸೆಷ್ಟು?" ಅಂದಾಗ ದುಡ್ಡು ಇಟ್ಟು ಓಡಿ ಬಂದೆ.

ಮೂರನೇ ಕಿಮೋಗೆ ಹೋದಾಗ ಲಿವರ್ ರಿಪೋರ್ಟ್ ನೋಡಿ ಡಾಕ್ಟರ್ ಹುಬ್ಬೇರಿಸಿದರು. "ನಾವು ಕೊಟ್ಟಿದ್ದು ಬಿಟ್ಟು ಬೇರೆ ಏನಾದರೂ ತಗೊಳ್ತಿದ್ದೀರಾ?"

"ಏನೂ ಇಲ್ಲ ಸಾರ್." ನಾನು, ಸೋದರಮಾವ ಒಂದೇ ದನಿಯಲ್ಲಿ. ಇಬ್ಬರ ಕಣ್ಣೂ ಫ್ಯಾನಿನ ಮೇಲೆ.

ದೊಡ್ಡಮ್ಮ ಪರ್ಸ್ ತೆಗೆದರು. ಒಳಗಿಂದ ಮಡಚಿದ ಕ್ಯಾಲೆಂಡರ್ ಹಾಳೆ ಬಂತು. ಅದರ ಬೆನ್ನಿಗೆ ಎಲ್ಲವನ್ನೂ ಹೊತ್ತಿನ ಸಮೇತ ಬರೆದಿಟ್ಟಿದ್ದರು. ಡಾಕ್ಟರ್ ಓದುತ್ತಾ ಏಳನೇ ಸಾಲಿಗೆ ಬಂದು ಕನ್ನಡಕ ತೆಗೆದರು.

"ಅಮ್ಮಾ, ಇದು ನಾಯಿಗೆ ಕೊಡೋದಲ್ವಾ?"

"ಹೌದು ಸಾರ್. ಆದ್ರೆ ನನ್ ತೂಕಕ್ಕೇ ಲೆಕ್ಕ ಹಾಕಿ ಕೊಟ್ಟಿದಾರೆ."

ಎಲ್ಲವನ್ನೂ ನಿಲ್ಲಿಸಿ ಅಂದರು. ಕಿಮೋ ಎರಡು ವಾರ ಮುಂದೆ ಹೋಯಿತು. ಲಿಫ್ಟಿನಲ್ಲಿ ಇಳಿಯುವಾಗ ಸೋದರಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು.

"ನೋಡಿದ್ಯಾ, ಕಿಮೋ ಲಿವರ್‌ನ ಹೆಂಗೆ ತಿಂದ್ಹಾಕ್ತು!"